ಬಾವೀಲವ್ಳೆ

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೆಂಗಸರಿಗೆ ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತೇನೆ. ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡು. ಗಂಡ, ಮಕ್ಕಳು ಮನೆಯಿಂದ ಹೊರಬಿದ್ದ ಮೇಲೆ ಸಿಗುವ ಹೊತ್ತು ಅದು. ಪಕ್ಕದ ಮನೆಯಲ್ಲಿ ನಾಲ್ಕು ಮಗ್ಗಗಳಿವೆ. ಕರೆಂಟು ಇರುವಷ್ಟು ಹೊತ್ತು ಅವು ಬಡಿಯುತ್ತಲೇ ಇರುತ್ತವೆ. ಹೊಸದಾಗಿ ಬಂದವರು ಮೊದಲ ಎರಡು ದಿನ ಕಿವಿ ಮುಚ್ಚಿಕೊಳ್ಳುತ್ತಾರೆ, ಮೂರನೇ ದಿನಕ್ಕೆ ಆ ಸದ್ದು ಅವರಿಗೆ ಕೇಳಿಸುವುದೇ ಇಲ್ಲ.

ಬರುವವರಲ್ಲಿ ಹೆಚ್ಚಿನವರು ಏರ್‌ಪೋರ್ಟಿನಲ್ಲಿ ಕೆಲಸ ಹುಡುಕುವ ಹುಡುಗಿಯರು, ಇಲ್ಲವೇ ಮಕ್ಕಳ ಸ್ಕೂಲ್ ಡೈರಿ ಓದಲು ಬಾರದೆ ಒದ್ದಾಡುವ ತಾಯಂದಿರು. ಎರಡು ವರ್ಷದ ಹಿಂದೆ, ಆಷಾಢದಲ್ಲಿ, ಒಬ್ಬರು ಬಂದರು. ನಲವತ್ತಾರೋ ನಲವತ್ತೇಳೋ ಇರಬೇಕು. ಕುಂದಾಣದ ಕಡೆಯ ಹಳ್ಳಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು.

"ಎಷ್ಟರಮಟ್ಟಿಗೆ ಕಲೀಬೇಕು ಅಂತಿದೀರಾ ಅಕ್ಕಾ?" ಅಂದೆ.

"ಅಕ್ಕ ಅನ್ಬೇಡಿ ಮೇಡಂ," ಅಂದರು. ಸಿಟ್ಟಿನಿಂದಲ್ಲ, ಕಾಲಿಗೆ ಮುಳ್ಳು ತಾಗಿದವರು ಹೇಳುವಂತೆ ಹೇಳಿದರು. ಆಮೇಲೆ ತಾವೇ ಸಮಾಧಾನ ಮಾಡುವವರಂತೆ, "ಎಲ್ಲಾ ಬೇಡ ನಂಗೆ. ಜಾಗ ಹೇಳೋದು ಒಂದು ಕಲ್ಸಿಕೊಡಿ, ಸಾಕು."

"ಜಾಗ ಅಂದ್ರೆ?"

"ಯಾವುದು ಎಲ್ಲೈತೆ ಅಂತ. ಒಳಗೈತಾ, ಮೇಲೈತಾ, ಕೆಳಗೈತಾ. ಅಷ್ಟೇ."

ಇಂಥ ಬೇಡಿಕೆ ಯಾರೂ ಇಟ್ಟಿರಲಿಲ್ಲ. ಎಲ್ಲರೂ ಮೊದಲು ಕೇಳುವುದು "ನನ್ನ ಹೆಸರು ಇಂಥದ್ದು" ಅನ್ನುವುದನ್ನು. ಆದರೂ ಒಳಗೊಳಗೇ ಖುಷಿಯಾಯಿತು. ಯಾಕೆಂದರೆ ಇಂಗ್ಲಿಷಿನಲ್ಲಿ ನನ್ನನ್ನು ಹೆಚ್ಚು ಅಳಿಸಿದ್ದೇ ಈ ಚಿಕ್ಕ ಚಿಕ್ಕ ಮಾತುಗಳು. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು ನಾನು. ಕಾಲೇಜಿಗೆ ಸೇರಿದ ಮೊದಲ ವಾರ ಲೆಕ್ಚರರ್ ಫೋನ್ ಮಾಡಿ ಎಲ್ಲಿದ್ದೀಯ ಅಂದಾಗ "ಐ ಆ್ಯಮ್ ಇನ್ ದ ಗೇಟ್" ಅಂದಿದ್ದೆ. "ಗೇಟಿನೊಳಗೆ ಹೇಗಮ್ಮಾ ತೂರಿಕೊಂಡೆ?" ಅಂತ ಅವರು ಇಡೀ ಕ್ಲಾಸಿನೆದುರು ಕೇಳಿದ್ದರು. ನಮಗೆ "ಅಲ್ಲಿ" ಅನ್ನುವ ಒಂದೇ ಬಾಲ ಸಾಕು. ಮನೆಯಲ್ಲಿ, ರಸ್ತೆಯಲ್ಲಿ, ಸ್ಟಾಪಿನಲ್ಲಿ. ಇಂಗ್ಲಿಷಿನವರಿಗೆ ಮನೆಗೆ ಇನ್, ರಸ್ತೆಗೆ ಆನ್, ಸ್ಟಾಪಿಗೆ ಆ್ಯಟ್. ಬಾಯಿ ತೆರೆಯುವ ಮೊದಲೇ, ಇರುವವರು ಒಳಗಿದ್ದಾರೋ ಮೇಲಿದ್ದಾರೋ ಬರೀ ಹತ್ತಿರ ನಿಂತಿದ್ದಾರೋ ಅನ್ನುವುದನ್ನು ತೀರ್ಮಾನ ಮಾಡಿಬಿಡಬೇಕು.

ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ, ಒಂದು ನಿಂಬೆಹಣ್ಣು ತಂದೆ. ಹಣ್ಣನ್ನು ಡಬ್ಬಿಯೊಳಗೆ ಹಾಕಿ ಇನ್ ಅಂದೆ. ಮುಚ್ಚಳದ ಮೇಲಿಟ್ಟು ಆನ್ ಅಂದೆ. ಡಬ್ಬಿ ಎತ್ತಿ ಅಡಿಗೆ ಸೇರಿಸಿ ಅಂಡರ್ ಅಂದೆ. ಅವರು ಒಮ್ಮೆಯೂ ನಗದೆ ನೋಡಿದರು. ಉಳಿದವರೆಲ್ಲ ಬಸ್ಸಿಗೆ ಆನ್ ಬರುತ್ತದೆ ಅಂದ ಕೂಡಲೇ "ಟಾಪ್ ಮೇಲೆ ಕೂತ್ಕೋಬೇಕಾ ಮೇಡಂ?" ಅಂತ ಗಲಾಟೆ ಮಾಡಿದರೆ, ಇವರು ಮಾತ್ರ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, "ಮುಚ್ಚಿದ್ಮೇಲೂ ಇನ್ನೇನಾ?" ಅಂತ ಕೇಳಿದರು.

"ಹೌದು. ಮುಚ್ಚಿದ್ರೂ ಇನ್."

"ಕಾಣಿಸದೇ ಇದ್ರೂ?"

"ಕಾಣಿಸದೇ ಇದ್ರೂ."

ಅವರು ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಹತ್ತು ದಿನ ಕಳೆದಿರಬೇಕು. ಮನೆಯಲ್ಲಿ ನಾಲ್ಕು ವಾಕ್ಯ ಬರೆದುಕೊಂಡು ಬನ್ನಿ ಅಂದಿದ್ದೆ. ಅವರು ಕನ್ನಡ ಅಕ್ಷರದಲ್ಲೇ ಇಂಗ್ಲಿಷ್ ಬರೆದು ತಂದಿದ್ದರು. ದ ಲೆಮನ್ ಈಸ್ ಇನ್ ದ ಡಬ್ಬಿ. ದ ಡಬ್ಬಿ ಈಸ್ ಆನ್ ದ ಟೇಬಲ್. ಮೈ ಸಿಸ್ಟರ್ ಈಸ್ ಇನ್ ದ ವೆಲ್. ದ ವೆಲ್ ಈಸ್ ಅಂಡರ್ ದ ಹೌಸ್.

ಕೆಂಪು ಪೆನ್ನು ಹಿಡಿದು ಮೂರನೇ ಸಾಲಿಗೆ ಬಂದು ನಿಂತೆ. "ಇಲ್ಲಿ ತಪ್ಪಾಗಿದೆ ನೋಡಿ. ನಿಮ್ಮ ಸಿಸ್ಟರ್ ಬಾವಿ ಹತ್ರ ನಿಂತಿದಾರೆ ಅಂತ ತಾನೆ? ಹಾಗಾದ್ರೆ ಆ್ಯಟ್ ಬರಬೇಕು. ಆ್ಯಟ್ ದ ವೆಲ್. ಇನ್ ಅಂದ್ರೆ ಒಳಗೆ ಅಂತಾಗುತ್ತೆ."

"ಒಳಗೇ ಮೇಡಂ."

ಅದೇ ಹೊತ್ತಿಗೆ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ಏರ್‌ಪೋರ್ಟಿನ ಕೆಲಸಕ್ಕೆ ಕಾಯುತ್ತಿದ್ದ ಹುಡುಗಿಯೊಬ್ಬಳು ಕಿಸಕ್ಕನೆ ನಗಲು ಹೋಗಿ ಬಾಯಿ ಮುಚ್ಚಿಕೊಂಡಳು.

ಉಳಿದವರನ್ನು ಬೇಗ ಕಳಿಸಿ ಅವರನ್ನು ಕೂರಿಸಿಕೊಂಡೆ. ಅವರು ಹೇಳಿದ್ದು ಇಷ್ಟು. ಅವರಿಗೆ ಆರು ವರ್ಷವಿದ್ದಾಗ ಹದಿನಾರು ವರ್ಷದ ಅಕ್ಕ ಒಂದು ಬೆಳಗ್ಗೆ ಹೊಲದ ಬಾವಿಗೆ ನೀರಿಗೆ ಹೋದವಳು ಮನೆಗೆ ಬರಲಿಲ್ಲ. ಬಿಂದಿಗೆ ಬಾವಿಯ ಕಟ್ಟೆಯ ಮೇಲೆ ಇತ್ತು, ತುಂಬಿದ ಹಾಗೇ. ಊರಿನವರು ಇಳಿದು ಮುಳುಗಿದರು, ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಎಲ್ಲ ದಿಕ್ಕಿನಿಂದಲೂ ಜಾಲಾಡಿದರು. ಒಂದು ಹಳೇ ಕೊಡ ಸಿಕ್ಕಿತು, ಅಕ್ಕ ಸಿಗಲಿಲ್ಲ. ಮೂರನೇ ದಿನಕ್ಕೆ ತೇಲಬೇಕಿತ್ತು, ತೇಲಲಿಲ್ಲ. ಬಾವಿಯ ಪಕ್ಕದ ಗೋಡೆಯಲ್ಲಿ ನೀರಿನಡಿ ಒಂದು ಗವಿಯಿದೆ, ಅದರಲ್ಲಿ ಸಿಕ್ಕಿಕೊಂಡಿದ್ದಾಳೆ ಅಂತ ಹಿರಿಯರು ತೀರ್ಮಾನ ಮಾಡಿದರು. ಆ ಬಾವಿಯ ನೀರನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಎಷ್ಟೋ ವರ್ಷದ ಮೇಲೆ ಹೊಲ ಕೈಬಿಟ್ಟು ಹೋಯಿತು, ಬಾವಿ ಮುಚ್ಚಿತು, ನೆಲ ಸಮತಟ್ಟಾಯಿತು, ವಿಲ್ಲಾಗಳು ಎದ್ದವು. ಆ ವಿಲ್ಲಾಗಳಲ್ಲೊಂದರಲ್ಲಿ ಇವರು ಈಗ ಮನೆಗೆಲಸ ಮಾಡುತ್ತಿದ್ದರು.

"ಅದೇ ಜಾಗ ಅಂತ ಹೇಗೆ ಗೊತ್ತು?"

"ಒಂದು ರೂಮೈತೆ ಮೇಡಂ. ಅಲ್ಲಿ ನೆಲ ಒರೆಸೋವಾಗ ಕೈ ತಣ್ಣಗಾಗ್ತೈತೆ. ಬಾವಿ ಮೇಲೇ ಮನೆ ಕಟ್ಟವ್ರೆ."

ಆ ಮನೆಯ ಯಜಮಾನಿಗೆ ಕನ್ನಡ ಬರುವುದಿಲ್ಲ. ಆಕೆಗೆ ಹೇಳೋಣವೆಂದು ಇವರು ಒಮ್ಮೆ ಧೈರ್ಯ ಮಾಡಿ "ವೆಲ್ ಈಸ್ ಇನ್ ದ ಹೌಸ್" ಅಂದಿದ್ದರಂತೆ. ಮನೆಯಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದಾರೆ ಅಂದುಕೊಂಡು ಆಕೆ ನಕ್ಕು, "ಗುಡ್, ಗುಡ್" ಅಂತ ಬೆನ್ನು ತಟ್ಟಿದ್ದಳಂತೆ. ಅದನ್ನು ಹೇಳುವಾಗ ಇವರೂ ಚೂರು ನಕ್ಕರು. ನನಗೆ ನಗು ಬರಲಿಲ್ಲ.

ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. "ಮೇಡಂ, ಆಗ ಹೇಳಿದ್ರಲ್ಲ, ಆ್ಯಟ್ ಅಂತ. ಹತ್ರ ಇದ್ರೆ ಆ್ಯಟು, ಒಳಗಿದ್ರೆ ಇನ್ನು. ನಮ್ಮಲ್ಲಿ 'ಬಾವೀಲವ್ಳೆ' ಅಂದ್ರೆ ಯಾವುದಾಗ್ತೈತೆ?"

"ಎರಡೂ ಆಗುತ್ತೆ. ಹೇಳೋರ ಮನಸಲ್ಲಿ ಏನಿದೆಯೋ ಅದು."

"ಕೇಳೋರು?"

"ಕೇಳೋರು ಅವರಿಗೆ ತೋಚಿದ್ದನ್ನ ತಿಳ್ಕೋತಾರೆ."

ಅವರು ಹೊಸಿಲು ದಾಟಿದರು. ಚಪ್ಪಲಿ ಮೆಟ್ಟುವಾಗ ಎಡ ಬಲ ಅದಲುಬದಲಾಗಿತ್ತು. ಹಾಗೇ ನಡೆದುಕೊಂಡು ಹೋದರು.

ಆಮೇಲೆ ಎರಡು ವಾರ ಬರಲಿಲ್ಲ. ಮೂರನೇ ವಾರ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಆ ಮನೆಯ ಯಜಮಾನಿ, ಇಂಗ್ಲಿಷಿನಲ್ಲಿ. ನೀವು ಇವರ ಟೀಚರ್ ಅಂತೆ, ಒಂದು ಸಲ ಬಂದು ನಮ್ಮಿಬ್ಬರ ನಡುವೆ ಮಾತು ದಾಟಿಸಬಹುದೇ ಅಂತ ಕೇಳಿದಳು. ಒಂದು ಕೋಣೆಯ ನೆಲ ಕುಸಿಯುತ್ತಿದೆ, ಅಗೆಸಬೇಕು, ಅದಕ್ಕೆ ಮುಂಚೆ ಈಕೆ ಏನೋ ಹೇಳಲು ಒದ್ದಾಡುತ್ತಿದ್ದಾಳೆ ಅಂದಳು.

ಮಾರನೇ ದಿನ ಹೋದೆ. ಬೆಳಗ್ಗೆ ಹತ್ತೂವರೆ ಇರಬಹುದು. ಗೇಟಿನಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ಎರಡೂ ಕಡೆ ಒಂದೇ ಅಚ್ಚಿನಲ್ಲಿ ಹೊಯ್ದಂಥ ಮನೆಗಳು. ಬಿಸಿಲು ಚೆನ್ನಾಗಿಯೇ ಇತ್ತು. ಆದರೆ ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ, ನಾಯಿಯಿಲ್ಲ, ಒಣಹಾಕಿದ ಬಟ್ಟೆಯಿಲ್ಲ. ಮೇಲೆ ವಿಮಾನವೊಂದು ಬಹಳ ಕೆಳಗೆ ಹಾದುಹೋಯಿತು. ಅದರ ನೆರಳು ಮನೆಯಿಂದ ಮನೆಗೆ ಜಾರಿ, ನನ್ನ ಮೇಲೆ ಬಂದು, ಮುಂದಕ್ಕೆ ಹೋಯಿತು.

ಯಜಮಾನಿ ಐವತ್ತೈದರ ಆಸುಪಾಸಿನವಳು. ಗಿಡ್ಡಗೆ ಕತ್ತರಿಸಿದ ಬಿಳಿಗೂದಲು. ಒಬ್ಬಳೇ ಇದ್ದುಕೊಂಡು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ನೀರು ಕೊಟ್ಟು, ಸೀದಾ ಆ ಕೋಣೆಗೆ ಕರೆದುಕೊಂಡು ಹೋದಳು. ನೆಂಟರಿಗೆಂದು ಇಟ್ಟ ಕೋಣೆ, ಒಂದು ಮಂಚ ಬಿಟ್ಟರೆ ಖಾಲಿ. ನಡುವೆ ಟೈಲ್ಸು ತಟ್ಟೆಯ ಹಾಗೆ ತಗ್ಗಿತ್ತು. ಮೇಜಿನ ಮೇಲಿಂದ ಒಂದು ಪೆನ್ಸಿಲ್ ತಂದು ಗೋಡೆಯ ಬದಿಯಲ್ಲಿ ಇಟ್ಟಳು. ಅದು ತಾನಾಗಿ ಹೊರಳಿಕೊಂಡು ನಡುವೆ ಹೋಗಿ ನಿಂತಿತು. ಇನ್ನೊಂದು ಗೋಡೆಯಿಂದಲೂ ಹಾಗೇ. ನಾನು ಕಾಲಿಟ್ಟಾಗ ಹೆಜ್ಜೆಯ ಸದ್ದು ಬೇರೆಯಾಯಿತು. ಹೊರಗೆ ಟಪ್ ಟಪ್ ಅನ್ನುತ್ತಿದ್ದದ್ದು ಇಲ್ಲಿ ಯಾರೋ ಕೆಳಗಿನಿಂದ ಓಗೊಟ್ಟ ಹಾಗೆ ಕೇಳಿತು.

"ಸಮ್‌ಒನ್ ಈಸ್ ಅಂಡರ್ ದ ರೂಮ್," ಅಂದಳು ಯಜಮಾನಿ.

ನಾನು ಟೀಚರ್. ತಲೆಯಲ್ಲಿ ಕೆಂಪು ಪೆನ್ನು ತಾನಾಗಿ ಎದ್ದಿತು. ನೆಲದ ಕೆಳಗೆ ಅನ್ನಬಹುದು, ಕೋಣೆಯ ಕೆಳಗೆ ಅಂತ ಯಾರೂ ಅನ್ನುವುದಿಲ್ಲ. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿಕೊಂಡು ಬೆಳೆದ ಹೆಂಗಸು, ತನ್ನ ಮಾತು ಸರಿಯಿಲ್ಲವೆಂದು ತಾನೇ ತಿಳಿದು ಒಂದು ಕ್ಷಣ ಹುಡುಕಿದಳು, ಬೇರೆ ಮಾತು ಸಿಗದೆ ಮತ್ತೆ ಅದನ್ನೇ ಹೇಳಿದಳು.

ಬೆಳಗ್ಗೆ ಹನ್ನೊಂದರ ಸುಮಾರಿಗೆ, ದಿನವೂ ಅಲ್ಲ, ವಾರಕ್ಕೆ ಒಂದೆರಡು ಸಲ ಕೇಳುತ್ತದಂತೆ. ಹೆಣ್ಣುದನಿ. ಮೊದಲು ಕೆಲಸದವರು ಮಾತಾಡುತ್ತಿದ್ದಾರೆ ಅಂದುಕೊಂಡಿದ್ದಳು. ಭಾನುವಾರವೂ ಕೇಳಿದಾಗ, ಅವತ್ತು ಅವರಿಗೆ ರಜೆ ಅನ್ನುವುದು ನೆನಪಾಯಿತಂತೆ. ಭಾಷೆ ಗೊತ್ತಿಲ್ಲದೆ, ಕೇಳಿದ್ದನ್ನು ಕೇಳಿದ ಹಾಗೆ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಳು. ಅದನ್ನು ತೆಗೆದು, ಕನ್ನಡಕ ಏರಿಸಿ ಓದಿದಳು.

"ಅಲ್ಲಲ್ಲ. ಇಲ್ಲಿ."

ಆಕೆ ಬೇರೆ ಏನನ್ನೂ ಕನ್ನಡದಲ್ಲಿ ಸರಿಯಾಗಿ ಅನ್ನಲಾರಳು, ಊರಿನ ಹೆಸರನ್ನು ಕೂಡ ಮುರಿದು ಹೇಳುತ್ತಿದ್ದಳು. ಇದೊಂದನ್ನು ಮಾತ್ರ ಕುಂದಾಣದ ಕಡೆಯ ಹುಡುಗಿಯೊಬ್ಬಳು ಹುಡುಕಾಟದ ಆಟದಲ್ಲಿ ಬೇಸತ್ತು ಕೂಗುವಂಥ ರಾಗದಲ್ಲಿ ಹೇಳಿದಳು. ಅಲ್ಲಲ್ಲ, ಇಲ್ಲಿ.

"ವಾಟ್ ಡಸ್ ಇಟ್ ಮೀನ್?"

"ನಾಟ್ ದೇರ್. ಹಿಯರ್," ಅಂದೆ.

ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ, ನನ್ನ ವಿದ್ಯಾರ್ಥಿ ಬಾಗಿಲಲ್ಲಿ ನಿಂತವರು ಕೈಯಲ್ಲಿದ್ದ ಒರೆಸುವ ಕೋಲು ಬಿಟ್ಟು ಹೊಸಿಲ ಮೇಲೆ ಕೂತುಬಿಟ್ಟಿದ್ದರು.

"ನೀವೇನಾದ್ರೂ ಇಲ್ಲಿ ಗುನುಗ್ತಾ ಇದ್ರಾ?" ಅಂತ ಕೇಳಿದೆ. ಹೌದು ಅನ್ನಲಿ ಅಂತ ಆಸೆಯಾಗಿತ್ತು.

"ಈ ರೂಮಲ್ಲಿ ನಾನು ಬಾಯೇ ಬಿಡಲ್ಲ ಮೇಡಂ," ಅಂದರು. ಆಮೇಲೆ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು, ನೆಲ ನೋಡುತ್ತ, ಅಂದು ನನಗೆ ಹೇಳದೇ ಉಳಿಸಿದ್ದನ್ನು ಹೇಳಿದರು.

ಅವತ್ತು ಬೆಳಗ್ಗೆ ಅವರೂ ಅಕ್ಕನ ಹಿಂದೆ ಹೋಗಿದ್ದರು. ಅಕ್ಕ ನೀರು ಸೇದಿ, ಬಿಂದಿಗೆ ತುಂಬಿ ಕಟ್ಟೆಯ ಮೇಲಿಟ್ಟು, "ನೀನು ಮನೆಗೆ ನಡಿ, ನಾನು ಬಂದೆ," ಅಂದಳು. ಇವರು ಬಂದರು. ಅವ್ವ ಒಲೆಯ ಮುಂದಿದ್ದವಳು, "ಅಕ್ಕ ಎಲ್ಲವ್ಳೆ?" ಅಂದಳು.

"ಬಾವೀಲವ್ಳೆ ಅಂದೆ ಮೇಡಂ. ಅಷ್ಟೇ ಅಂದಿದ್ದು ನಾನು. ಬಾವಿತಾವ ನಿಂತವ್ಳೆ ಅಂತ ನನ್ನ ಮನಸಲ್ಲಿ. ಆಮೇಲೆ ಅವ್ವ ಹೋಗಿ ನೋಡಿ ಬರೀ ಬಿಂದಿಗೆ ಕಂಡು ಕಿರುಚ್ಕೊಂಡ್ಳು. ಗಂಡಸ್ರೆಲ್ಲ ಓಡ್ಬಂದ್ರು. ನನ್ನ ಎತ್ಕೊಂಡು, 'ಬಾವೀಲವ್ಳಾ ಮಗಾ, ನೀನು ನೋಡ್ದಾ?' ಅಂತ ಕೇಳಿದ್ರು. ಹೂಂ ಅಂದೆ. ಎಷ್ಟು ಜನ ಕೇಳಿದ್ರೂ ಹೂಂ ಅಂದೆ. ಎಲ್ರೂ ಬಾವಿಗೇ ಇಳಿದ್ರು. ಬೇರೆ ಎಲ್ಲೂ ಹುಡುಕಲಿಲ್ಲ. ಆಮೇಲಾಮೇಲೆ ನಂಗೂ ಅವಳು ಬಿದ್ದಿದ್ದನ್ನ ನೋಡ್ದೆ ಅಂತ್ಲೇ ಆಗೋಯ್ತು. ಮೊನ್ನೆ ನೀವು ಆ ಆ್ಯಟು ಅಂದ್ಮೇಲೆ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಾನು ನೋಡಿಲ್ಲ ಮೇಡಂ. ಒಳಗೆ ಅಂತ ನಾನು ಅಂದೇ ಇಲ್ಲ."

ಯಜಮಾನಿ ನನ್ನ ಮುಖ ನೋಡುತ್ತಿದ್ದಳು. ನಾನು ದಾಟಿಸಬೇಕಿತ್ತು. ಆರು ವರ್ಷದ ಮಗು ತನ್ನ ಅವ್ವನಿಗೆ ಏನು ಹೇಳಿತು ಅನ್ನುವ ಕಡೆ ಬಂದು ನನ್ನ ನಾಲಿಗೆ ನಿಂತಿತು. ಕನ್ನಡದಲ್ಲಿ ಅದು ಒಂದೇ ಮಾತು. ಇಂಗ್ಲಿಷಿನಲ್ಲಿ ನಾನು ಒಂದನ್ನು ಆರಿಸಲೇಬೇಕು, ಒಂದನ್ನು ಆರಿಸಿದರೆ ಇನ್ನೊಂದು ಸತ್ತುಹೋಗುತ್ತದೆ. ಕೊನೆಗೆ ಎರಡನ್ನೂ ಹೇಳಿದೆ. ಶಿ ಸೆಡ್, ಶಿ ಈಸ್ ಆ್ಯಟ್ ದ ವೆಲ್. ದೇ ಹರ್ಡ್, ಶಿ ಈಸ್ ಇನ್ ದ ವೆಲ್. ಯಜಮಾನಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಹೋಗಿ, ಹೊಸಿಲ ಮೇಲೆ, ಇವರ ಪಕ್ಕದಲ್ಲಿ ಕೂತಳು.

ಆಮೇಲೆ ಮನೆ ಕೊಳ್ಳುವಾಗ ಕೊಟ್ಟಿದ್ದ ನಕ್ಷೆಯನ್ನು ತಂದು ಹರಡಿದಳು. ಹಳೇ ಬಾವಿ ಎಂದು ಒಂದು ಸೊನ್ನೆ ಹಾಕಿದ್ದರು. ಅದು ಈ ಮನೆಯ ಕೆಳಗಿರಲಿಲ್ಲ. ಕಾಂಪೌಂಡಿನಾಚೆ, ಹುಲ್ಲು ಹಾಕಿದ ಪಾರ್ಕಿನ ಮೂಲೆಯಲ್ಲಿತ್ತು. ಇವರು ಗುರುತಿಗೆ ಇಟ್ಟುಕೊಂಡಿದ್ದ ಹುಣಸೆಮರ ಕಡಿದುಹೋಗಿ, ದಿಬ್ಬ ತಗ್ಗಾಗಿ, ಜಾಗ ತಪ್ಪಿತ್ತು.

"ಹಂಗಾದ್ರೆ ಇಲ್ಲೇನೈತೆ?" ಅಂದರು ಇವರು. ನಾವು ಮೂವರೂ ತಗ್ಗಿನಲ್ಲಿ ನಿಂತಿದ್ದ ಆ ಪೆನ್ಸಿಲನ್ನು ನೋಡಿದೆವು.

ಎರಡು ದಿನ ಬಿಟ್ಟು ನೆಲ ಅಗೆಯಲು ಮೇಸ್ತ್ರಿ ಬಂದ. ನೀವೂ ಇರಿ ಅಂದರು, ಇದ್ದೆ. ಟೈಲ್ಸು ಕಿತ್ತು, ತುಂಬಿದ ಮಣ್ಣನ್ನು ಎತ್ತುತ್ತ ಹೋದ. ಎದೆಮಟ್ಟದ ಗುಂಡಿಯಾದ ಮೇಲೆ ಹಾರೆ ಠಣ್ ಅಂತು. ಮಣ್ಣು ಬಳಿದು ನೋಡಿದರೆ ಒಂದು ಚಪ್ಪಡಿಕಲ್ಲು, ಅಂಚಿಗೆಲ್ಲ ಗಟ್ಟಿ ಜೇಡಿಮಣ್ಣು ಮೆತ್ತಿದೆ.

ಗುಂಡಿಯ ಅಂಚಿನಲ್ಲಿ ನಿಂತಿದ್ದ ಇವರು, "ಹಗೇವು," ಅಂದರು.

ನೆಲದಡಿ ರಾಗಿ ತುಂಬಿಡುತ್ತಿದ್ದ ಗುಂಡಿ ಅದು. ಕತ್ತು ಕಿರಿದು, ಹೊಟ್ಟೆ ಅಗಲ. ಇವರ ಅಪ್ಪನ ಕಣದ ಪಕ್ಕದಲ್ಲಿತ್ತಂತೆ, ಬಾವಿಯಿಂದ ನಲವತ್ತು ಹೆಜ್ಜೆ. ತಳದಲ್ಲಿ ಹಳೇ ರಾಗಿ ಒಂದಿಷ್ಟು ಉಳಿದಿತ್ತು. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಅವತ್ತು ಬೆಳಗ್ಗೆ ಅಪ್ಪ ಚಪ್ಪಡಿ ಸರಿಸಿ ಬಿಟ್ಟಿದ್ದ. ಮಾರನೇ ದಿನ ಇಳಿಯುವುದು ಅಂತ. ಮಧ್ಯಾಹ್ನ ಬಾವಿಯ ಸುತ್ತ ಜನ ಸೇರಿದಾಗ, ಮಕ್ಕಳು ಗಿಕ್ಕಳು ಬಿದ್ದಾರು ಅಂತ ಯಾರೋ ನಾಲ್ಕು ಜನ ಸೇರಿ ಮತ್ತೆ ಮುಚ್ಚಿದ್ದರು. ಅಪ್ಪ ಆಮೇಲೆ ಅದರ ಅಂಚಿಗೆ ಮಣ್ಣು ಮೆತ್ತಿ, ಆ ರಾಗಿಯನ್ನು ನಾವು ಉಣ್ಣುವುದು ಬೇಡ ಅಂದುಬಿಟ್ಟ. ಇದೆಲ್ಲ ಇವರಿಗೆ ಆ ಕಲ್ಲು ಕಂಡಾಗ ತುಂಡುತುಂಡಾಗಿ ನೆನಪಾಯಿತು.

ಮೇಸ್ತ್ರಿ ವಯಸ್ಸಾದವನು, ಹಗೇವು ಬಲ್ಲವನು. ಚಪ್ಪಡಿ ಸರಿಸಿದವನೇ, "ಯಾರೂ ಮುಖ ಹಾಕ್ಬೇಡಿ," ಅಂತ ಕೂಗಿದ. ಮೊಂಬತ್ತಿ ಹಚ್ಚಿಸಿ, ತಂತಿಗೆ ಕಟ್ಟಿ ಇಳಿಬಿಟ್ಟ. ಕತ್ತು ದಾಟುವವರೆಗೆ ನೆಟ್ಟಗೆ ಉರಿಯಿತು. ಅಲ್ಲಿಂದ ಒಂದು ಗೇಣು ಕೆಳಗೆ ಹೋದದ್ದೇ, ಯಾರೋ ಊದಿದ ಹಾಗೆ ಆರಿತು. ಮತ್ತೆ ಹಚ್ಚಿದ, ಅದೇ ಜಾಗದಲ್ಲಿ ಮತ್ತೆ ಆರಿತು. ಒಂದಿಷ್ಟೂ ಗಾಳಿಯಾಡುತ್ತಿರಲಿಲ್ಲ.

"ಇಳಿದೋರು ಕೂಗೋಕೂ ಆಗಲ್ಲಮ್ಮ ಇದರಲ್ಲಿ," ಅಂದ. "ತಲೆ ತಿರುಗ್ತದೆ, ಕೂತ್ಕೋತಾರೆ. ಅಷ್ಟೇ."

ಟಾರ್ಚು ಬಿಟ್ಟ. ಕಪ್ಪಾದ ರಾಗಿಯ ಮೇಲೆ ಬೆಳಕು ಸುತ್ತು ಹಾಕಿ ಒಂದು ಕಡೆ ನಿಂತಿತು. ಮೇಸ್ತ್ರಿ ಟಾರ್ಚನ್ನು ಥಟ್ಟನೆ ಆರಿಸಿ, ತಲೆಗೆ ಸುತ್ತಿದ್ದ ಟವೆಲ್ ತೆಗೆದ.

ಪೊಲೀಸರು ಬಂದರು, ಗಾಳಿಯಾಡಿಸಿ ಇಳಿದರು. ಎಲುಬಿನ ಗೂಡು ಗೋಡೆಗೆ ಒರಗಿ ಕಾಲು ಮಡಚಿ ಕೂತ ಹಾಗೆ ಇತ್ತಂತೆ. ಬೆಳ್ಳಿಯ ಕಾಲುಚೈನು ಎರಡು, ಹಸಿರು ಗಾಜಿನ ಬಳೆಯ ಚೂರು, ರಾಗಿ ಅಳೆಯುವ ಒಂದು ಸೇರು. ಎಷ್ಟು ಉಳಿದಿದೆ ನೋಡಿ ಅಪ್ಪನಿಗೆ ಹೇಳೋಣ ಅಂತ ಇಳಿದಿದ್ದಳೋ ಏನೋ. ಕಾಲುಚೈನಿನ ಕೊಂಡಿಯನ್ನು ಅವ್ವ ತಾಮ್ರದ ತಂತಿಯಿಂದ ಕಟ್ಟಿದ್ದಳು. ಅದನ್ನು ಕೈಯಲ್ಲಿ ಹಿಡಿದು ಇವರು, "ಅಕ್ಕಂದೇ," ಅಂದರು. ಅಳಲಿಲ್ಲ. "ಅಪ್ಪ ಮರುವರ್ಷವೇ ಹೋದ. ಅವ್ವ ಇಪ್ಪತ್ತು ವರ್ಷ ಇದ್ಳು ಮೇಡಂ. ದಿನಾ ಬಾವಿಗೆ ಹೋಗಿ ಕೂತ್ಕೊಂಡು ಮಾತಾಡಿಸೋಳು. ಅದಕ್ಕೆ ಬೆನ್ನು ಮಾಡ್ಕೊಂಡು."

ಯಾವುದಕ್ಕೆ ಬೆನ್ನು ಮಾಡಿಕೊಂಡು ಅಂತ ನಾನು ಕೇಳಲಿಲ್ಲ. ಗುಂಡಿಯನ್ನು ನೋಡಿದೆ.

ಆ ವಾರವೆಲ್ಲ ನಾನು ಕ್ಲಾಸು ಮಾಡಲಿಲ್ಲ. ಮಾಡತೊಡಗಿದಾಗಲೂ ಡಬ್ಬಿ ನಿಂಬೆಹಣ್ಣಿನ ಪಾಠವನ್ನು ಬಿಟ್ಟೆ. ಯಾರಾದರೂ ಇನ್ ಬದಲು ಆ್ಯಟ್ ಬರೆದರೆ ಹಿಂದೆಲ್ಲ ಗೀಟು ಹಾಕಿ ಮುಂದೆ ಹೋಗುತ್ತಿದ್ದೆ. ಈಗ ಪೆನ್ನು ಕೆಳಗಿಟ್ಟು, ನೀವು ಏನು ಹೇಳಬೇಕು ಅಂತಿದ್ದೀರಿ ಅಂತ ಮೊದಲು ಕೇಳುತ್ತೇನೆ. ಮೂರ್ನಾಲ್ಕು ಸಲ ಕೇಳುತ್ತೇನೆ. ಹುಡುಗಿಯರಿಗೆ ಬೇಜಾರಾಗುತ್ತದೆ.

ಹಗೇವನ್ನು ಮರಳು ತುಂಬಿ ಮುಚ್ಚಿದರು. ಮನೆ ಬಿಟ್ಟುಬಿಡಲೇ ಅಂತ ಯಜಮಾನಿ ಇವರನ್ನೇ ಕೇಳಿದಳಂತೆ. ಬೇಡ, ಇರಿ ಅಂದರಂತೆ. ದನಿ ಆಮೇಲೆ ಕೇಳಲಿಲ್ಲ. ಒಂದು ದಿನ ಯಜಮಾನಿ ನನಗೆ ಫೋನ್ ಮಾಡಿ ಅದನ್ನೇ ಹೇಳಿದಳು. ಹನ್ನೊಂದು ಗಂಟೆಗೆ ತಾನಾಗಿ ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ, ಏನೂ ಇರುವುದಿಲ್ಲ, ಈ ಏನೂ ಇಲ್ಲದಿರುವುದೇ ಈಗ ನನಗೆ ಹೆಚ್ಚು ಹೆದರಿಕೆ ಅಂದಳು.

ಇವರು ಅಕ್ಕನ ತಿಥಿಗೆ ನನ್ನನ್ನು ಕರೆದಿದ್ದರು, ಹೋದೆ. ಹಳ್ಳಿಯಲ್ಲಿ ಇವರ ಮನೆಯ ಮುಂದೆ ಶಾಮಿಯಾನ ಹಾಕಿ ಸಾಲಾಗಿ ಎಲೆ ಹಾಸಿದ್ದರು. ಯಜಮಾನಿಯೂ ಬಂದು, ಚಾಪೆಯ ಮೇಲೆ ಕಷ್ಟಪಟ್ಟು ಕೂತು, ಕೈಯಲ್ಲೇ ಉಣ್ಣುತ್ತಿದ್ದಳು. ನನ್ನೆದುರಿನ ಸಾಲಿನಲ್ಲಿ ಎಂಬತ್ತು ದಾಟಿದ ಮುದುಕರೊಬ್ಬರು ಬಡಿಸಿದ್ದನ್ನು ಮುಟ್ಟದೆ ಕೂತಿದ್ದರು. ಇವರ ಸೋದರಮಾವನಂತೆ.

"ನೀವೇನಾ ಆ ಮೇಡಮ್ಮು?" ಅಂತ ನನ್ನನ್ನು ಕೇಳಿದರು.

ಹೌದು ಅಂದೆ.

"ಬಾವೀಲಿ ಹೆಣ ಸಿಗ್ಲಿಲ್ಲ ಅಂದಾಗ, ಅವಳು ಯಾವನ ಜೊತೆಗೋ ಓಡೋದ್ಳು ಅಂತ ನಾನೇ ಊರಲ್ಲಿ ಹೇಳ್ದೆ. ಲಾರೀಲಿ ಕೂತಿದ್ದು ನೋಡ್ದೆ ಅಂದೆ. ನೋಡಿರ್ಲಿಲ್ಲ. ನಲವತ್ತು ವರ್ಷ ಅದನ್ನೇ ಹೇಳ್ಕೊಂಡು ಬಂದೆ." ಅವರ ಕೈ ಎಲೆಯ ಅಂಚನ್ನು ಚಿವುಟುತ್ತಲೇ ಇತ್ತು. "ಆ ಕಲ್ಲು ಮುಚ್ಚಿದ ನಾಲ್ಕು ಜನದಾಗೆ ನಾನೂ ಒಬ್ಬ."

ಇವರು ಪಾಯಸದ ಪಾತ್ರೆ ಹಿಡಿದು ಬಡಿಸುತ್ತ ಮುದುಕರ ಸಾಲಿಗೆ ಬಂದಿದ್ದರು. ಕೇಳಿಸಿಕೊಂಡರು ಅಂತ ಕಾಣುತ್ತದೆ. ಪಾತ್ರೆಯನ್ನು ಸೊಂಟಕ್ಕೆ ಆನಿಸಿ ಸ್ವಲ್ಪ ಹೊತ್ತು ಮಾವನ ನೆತ್ತಿಯನ್ನು ನೋಡುತ್ತ ನಿಂತರು. ಆಮೇಲೆ ಬಗ್ಗಿ, ಎಲೆಯ ಮೇಲೆ ಒಂದು ಸೌಟು ಹಾಕಿದರು.

"ಉಣ್ಣು ಮಾವ," ಅಂದರು. "ಆರೋಗ್ತೈತೆ."

ಮುದುಕರು ಉಂಡರು.